ಹೂ ಹಿಡಿದ ಸವಾರ

ಸೊಲ್ಲಾಪುರ
೧೨ ಜೂನ್ ೨೦೨೪

ಪ್ರೀತಿಯ ಅಪ್ಪನಿಗೆ,

ಹೋದ ವಾರ ಫೋನಿನಲ್ಲಿ ನಾನು ಹೇಳಿದ್ದರಲ್ಲಿ ನಿನಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾನು "ಊಟಾ ಆತೇನು?" ಎಂದರೆ ನೀನು "ಹೂಂ, ಇಲ್ಲಿನೂ ಮಳಿ ಅದ" ಎಂದೆ. ಪಕ್ಕದಲ್ಲಿ ಕುಳಿತಿದ್ದ ನಿನ್ನ ಅಳಿಯ ಅಮೋಲ್ ನಕ್ಕುಬಿಟ್ಟರು. ಇಡೀ ಆಯುಷ್ಯ ಪವರ್‌ಲೂಮಿನ ಸದ್ದು ಕೇಳಿ ಕೆಟ್ಟ ಕಿವಿಗೆ ಫೋನು ಒಗ್ಗುವುದಿಲ್ಲ, ಬಿಡು. ಇನ್ನು ಮೇಲೆ ಬರೆದೇ ತಿಳಿಸುತ್ತೇನೆ. ಏಳನೇ ಇಯತ್ತೆಯವರೆಗೆ ನನ್ನನ್ನು ಕನ್ನಡ ಸಾಲೆಗೆ ಹಾಕಿದ್ದಕ್ಕೆ ಈಗಲಾದರೂ ಉಪಯೋಗವಾಗಲಿ. ಅಮೋಲ್‌ಗೆ ಮರಾಠಿ ಬಿಟ್ಟು ಬೇರೇನೂ ಓದಲು ಬಾರದು, ಆದ್ದರಿಂದ ಮನಸ್ಸಿಗೆ ಬಂದದ್ದನ್ನು ಬರೆಯಬಹುದು.

ನಮ್ಮ ನೇಯ್ಗೆ ಕಾರಖಾನೆಗೆ ಒಂದು ವಿಚಿತ್ರ ಆರ್ಡರ್ ಬಂದಿದೆ. ಪುಣೆಯಲ್ಲಿ ಶೀತಲ ಎಂಬ ಮೇಡಂ ಇದ್ದಾರೆ, ಟ್ಯಾರೋ ಕಾರ್ಡು ತೆಗೆದು ಭವಿಷ್ಯ ಹೇಳುವವರು. ಇಸ್ಪೀಟು ಎಲೆಯಂಥದ್ದೇ ಕಾರ್ಡು, ಆದರೆ ಒಂದೊಂದರ ಮೇಲೂ ಒಂದೊಂದು ಚಿತ್ರ. ಅವುಗಳಲ್ಲಿ 'ಪ್ರೇಮಿಗಳು' ಮತ್ತು 'ಸಾವು' ಎಂಬ ಎರಡನ್ನು ಗೋಡೆಗೆ ತೂಗುಹಾಕುವಂತೆ ದೊಡ್ಡದಾಗಿ ನೇಯ್ದು ಕೊಡಬೇಕಂತೆ. ಎರಡೂ ಅಕ್ಕತಂಗಿಯರ ಹಾಗೆ ಕಾಣಬೇಕಂತೆ. ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಫೋಟೊ ಜೊತೆಗಿಟ್ಟಿದ್ದೇನೆ. ಪ್ರೇಮಿಗಳ ಮೈಮೇಲೆ ಬಟ್ಟೆಯಿಲ್ಲ, ನಿನಗೆ ಕಳಿಸಲು ಸ್ವಲ್ಪ ನಾಚಿಕೆಯಾಯಿತು. ಅವರ ಮೇಲುಗಡೆ ರೆಕ್ಕೆ ಹರಡಿದ ದೇವದೂತ, ಅವನ ತಲೆಯ ಮೇಲೆ ನಡುಮಧ್ಯಾಹ್ನದ ಸೂರ್ಯ. ಗಂಡು ಹೆಣ್ಣನ್ನು ನೋಡುತ್ತಿದ್ದಾನೆ, ಹೆಣ್ಣು ಮೇಲೆ ನೋಡುತ್ತಿದ್ದಾಳೆ. ಸಾವಿನ ಚಿತ್ರದಲ್ಲಿ ಕವಚ ತೊಟ್ಟ ಎಲುಬಿನ ಹಂದರವೊಂದು ಬಿಳಿ ಕುದುರೆಯ ಮೇಲೆ ಬರುತ್ತಿದೆ. ಕೈಯಲ್ಲಿ ಕಪ್ಪು ಧ್ವಜ, ಅದರ ನಡುವೆ ಬಿಳಿ ಹೂ. ಕುದುರೆಯ ಕೆಳಗೆ ರಾಜನೊಬ್ಬ ಸತ್ತು ಬಿದ್ದಿದ್ದಾನೆ. ಒಬ್ಬ ಹುಡುಗಿ ಮೊಣಕಾಲೂರಿ ಮುಖ ತಿರುಗಿಸಿಕೊಂಡಿದ್ದಾಳೆ. ಅವಳ ಪಕ್ಕದ ಕೂಸು ಮಾತ್ರ ಸವಾರನನ್ನು ನೋಡುತ್ತಿದೆ. ದೂರದಲ್ಲಿ ಎರಡು ಗೋಪುರಗಳ ನಡುವೆ ಸೂರ್ಯ, ಹುಟ್ಟುತ್ತಿದ್ದಾನೋ ಮುಳುಗುತ್ತಿದ್ದಾನೋ ತಿಳಿಯದು.

ಇವೆರಡು ಹೇಗೆ ಅಕ್ಕತಂಗಿಯರಾಗುತ್ತವೆ ಹೇಳು. ಅವ್ವ ಹೋಗಿ ಎರಡು ವರ್ಷವಾದರೂ ಸಾವು ಎಂಬ ಶಬ್ದ ಬರೆಯಲು ಕೈ ತಡೆಯುತ್ತದೆ. ಆ ನಕ್ಷೆಯನ್ನು ಕೊನೆಗೆ ಇಟ್ಟುಕೊಂಡಿದ್ದೇನೆ.

ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು
ಛಾಯಾ


ಅಕ್ಕಲಕೋಟ
೨೪ ಜೂನ್ ೨೦೨೪

ಚಿ. ಸೌ. ಛಾಯಾಳಿಗೆ ಅಪ್ಪನ ಆಶೀರ್ವಾದ.

ಪತ್ರ ತಲುಪಿತು. ಬಟ್ಟೆಯಿಲ್ಲದ ಚಿತ್ರವನ್ನು ಹಾಸಿಗೆಯ ಕೆಳಗೆ ಇಟ್ಟಿದ್ದೇನೆ, ಖೋಲಿಗೆ ಜನ ಬಂದುಹೋಗುತ್ತಾರೆ. ಊಟದ ಚಿಂತೆ ಬೇಡ. ಬೆಳಿಗ್ಗೆ ಗುಡಿಯ ಅನ್ನಛತ್ರದಲ್ಲಿ ಬಡಿಸಲು ಹೋಗುತ್ತೇನೆ, ಅಲ್ಲಿಯೇ ಉಣ್ಣುತ್ತೇನೆ.

ಎರಡನೆಯ ಚಿತ್ರ ನೋಡಿದ ಕೂಡಲೇ ನನಗೆ ನೆನಪಾದವನು ನಮ್ಮ ಮೈಲಾರಲಿಂಗ. ದೇವರ ಜಗಲಿಯ ಮೇಲಿನ ಬೆಳ್ಳಿಯ ಟಾಕು, ಅವನ ಮೂರ್ತಿ ಒತ್ತಿದ ತಗಡು, ನೆನಪಿದೆಯೇ? ಅವನೂ ಬಿಳಿ ಕುದುರೆಯ ಮೇಲೆಯೇ ಬರುತ್ತಾನೆ, ಅವನ ಕುದುರೆಯ ಕೆಳಗೂ ಒಬ್ಬ ಬಿದ್ದಿರುತ್ತಾನೆ. ಆದರೆ ಅವನ ಜೊತೆ ಕುದುರೆಯ ಮೇಲೆ ಹೆಂಡತಿ ಕುಳಿತಿರುತ್ತಾಳೆ. ನಿನ್ನ ಸವಾರ ಒಬ್ಬನೇ ಬಂದಿದ್ದಾನೆ, ಪಾಪ.

ನಾನೂ ಒಮ್ಮೆ ಕುದುರೆಯ ಮೇಲೆ ಬಂದವನೇ. ನಿಮ್ಮವ್ವನ ತವರು ದುಧನಿಯಲ್ಲಿ ಮದುವೆ. ಎಲ್ಲಿಂದಲೋ ಒಂದು ಬಿಳಿ ಕುದುರೆ ತಂದಿದ್ದರು, ಬಾಜಾ ಕೇಳಿ ಬೆದರುತ್ತಿತ್ತು. ಬಾಸಿಂಗದೊಳಗಿಂದ ನನಗೆ ಏನೂ ಕಾಣುತ್ತಿರಲಿಲ್ಲ. ನಿಮ್ಮವ್ವ ಮಾತ್ರ ಕಿಟಕಿಯಿಂದ ನನ್ನನ್ನು ನೋಡಿದ್ದಳಂತೆ. ಎಷ್ಟೋ ವರ್ಷದ ಮೇಲೆ ಹೇಳಿದಳು: "ಕುದುರಿ ನೋಡಿ ಎದಿ ಧಸಕ್ ಅಂತು. ಇನ್ನ ಈ ಮನಿ ಮುಗೀತು, ನನ್ನ ಒಯ್ಯಾಕ ಬಂದ ಅಂತ ಅಂಜಿದ್ನಿ." ಅವಳು ಅಂಜಿದ್ದು ನನ್ನನ್ನು ನೋಡಿ! ಆಗ ನಾನು ಬಡಕಲು ಹುಡುಗ, ನಾನೇ ಒಂದು ಎಲುಬಿನ ಹಂದರ. ನಿನ್ನ ಪ್ರಶ್ನೆಗೆ ಇದು ಉತ್ತರವೋ ಅಲ್ಲವೋ ತಿಳಿಯದು, ನೆನಪಾಯಿತು ಅಷ್ಟೆ.

ಒಂದು ಕೆಲಸ ಹೇಳುವುದಿದೆ. ಗುಡಿಯ ದಾರಿಯಲ್ಲಿ ಹೂ ಮಾರುವ ಕಸ್ತೂರಬಾಯಿ ಎಂಬವರಿದ್ದಾರೆ. ಗಂಡ ತೀರಿ ಬಹಳ ವರ್ಷವಾಯಿತು, ಮಕ್ಕಳಿಲ್ಲ. ಕಿಡ್ನಿ ಕೆಟ್ಟಿವೆ. ಪ್ರತಿ ಸೋಮವಾರ, ಗುರುವಾರ ಸೊಲ್ಲಾಪುರಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಜೊತೆಗೆ ಬರುತ್ತಿದ್ದ ಅಣ್ಣನ ಮಗ ನೌಕರಿಗೆಂದು ಬೇರೆ ಊರಿಗೆ ಹೋದ ಮೇಲೆ ನಾನು ಬರುತ್ತಿದ್ದೇನೆ. ಮಶೀನು ಬಿಚ್ಚಿದ ಮೇಲೆ ಅವರಿಗೆ ತಲೆ ತಿರುಗುತ್ತದೆ. ದವಾಖಾನೆಯ ಬಾಕಿನ ಮೇಲೆ ಕೂಡುತ್ತೇವೆ. ನಿನ್ನ ಮನೆ ಅಲ್ಲಿಂದ ಹತ್ತಿರ. ಸಂಜೆಯ ಬಸ್ಸಿನವರೆಗೆ ಅಲ್ಲಿ ಸ್ವಲ್ಪ ಅಡ್ಡಾಗಲು ಆದೀತೇ?

ಇಂತಿ ನಿನ್ನ ಅಪ್ಪ
ಹುಲೆಪ್ಪ


ಸೊಲ್ಲಾಪುರ
೧ ಜುಲೈ ೨೦೨೪

ಅಪ್ಪ,

ಇದನ್ನು ಕೇಳಬೇಕೇ? ಕರೆದುಕೊಂಡು ಬಾ. ನಾನಿಲ್ಲದಾಗ ಕೀಲಿ ಪಕ್ಕದ ಮನೆಯ ಕಲ್ಯಾಣಮ್ಮನ ಹತ್ತಿರ ಇರುತ್ತದೆ. ಅವರು ಏನು ಉಣ್ಣಬಹುದು, ಏನು ಉಣ್ಣಬಾರದು ಎಂದು ಬರೆ. ಉಪ್ಪು ಕಡಿಮೆ ಎಂದು ಕೇಳಿದ್ದೇನೆ, ನೀರೂ ಅಳೆದು ಕುಡಿಯಬೇಕಂತೆ, ನಿಜವೇ?

ಮದುಮಗನ ಕುದುರೆಯ ಮಾತನ್ನು ಎರಡು ಸಲ ಓದಿದೆ. ಎರಡೂ ನಕ್ಷೆಗೆ ಒಂದೇ ಅಂಚು ಹಾಕಲು ಶುರು ಮಾಡಿದ್ದೇನೆ. ನೋಡುತ್ತ ಹೋದಂತೆ ಹೋಲಿಕೆಗಳು ಸಿಗುತ್ತಿವೆ. ಒಂದರಲ್ಲಿ ಎರಡು ಮರ, ಇನ್ನೊಂದರಲ್ಲಿ ಎರಡು ಗೋಪುರ. ಎರಡರಲ್ಲೂ ಮೇಲೊಬ್ಬ ದೊಡ್ಡವ, ಕೆಳಗೆ ಸಣ್ಣ ಮನುಷ್ಯರು. ಯಾರೂ ಅವನನ್ನು ಕರೆದಿಲ್ಲ, ತಾನಾಗಿಯೇ ಬಂದಿದ್ದಾನೆ.

ಆ ಹೆಣ್ಣುಮಗಳು ನಿಮ್ಮಪ್ಪನಿಗೆ ಏನಾಗಬೇಕು ಎಂದು ಕಲ್ಯಾಣಮ್ಮ ಕೇಳಿದರೆ ಏನು ಹೇಳಲಿ?

ಛಾಯಾ


ಅಕ್ಕಲಕೋಟ
೧೯ ಆಗಸ್ಟ್ ೨೦೨೪

ಚಿ. ಸೌ. ಛಾಯಾಳಿಗೆ,

ಕಲ್ಯಾಣಮ್ಮ ಕೇಳಿದರೆ ಏನು ಹೇಳಲಿ ಎಂದಿದ್ದೆ. ನಾನು ಬಹಳ ದಿನ ಉತ್ತರ ಬರೆಯಲಿಲ್ಲ, ಏಕೆಂದರೆ ನನಗೂ ತಿಳಿದಿರಲಿಲ್ಲ. ಈಗ ತಿಳಿದಿದೆ.

ಬಸ್ಸಿನಲ್ಲಿ ಅವರು ಅಕ್ಕಲಕೋಟದಿಂದ ಸೊಲ್ಲಾಪುರದವರೆಗೂ ಮಾತನಾಡುತ್ತಾರೆ. ನನಗೆ ಕೇಳಿಸುವುದಿಲ್ಲ ಎಂದು ಅವರಿಗೆ ಗೊತ್ತು. ಆದರೂ ಮಾತನಾಡುತ್ತಾರೆ, ನಾನು ಅವರ ತುಟಿಯನ್ನೂ ಹುಬ್ಬನ್ನೂ ನೋಡುತ್ತ ಕೂಡುತ್ತೇನೆ. ಇಳಿಯುವ ಹೊತ್ತಿಗೆ ಯಾರ ಮನೆಯಲ್ಲಿ ಜಗಳವಾಯಿತು, ಶೇವಂತಿಗೆ ಯಾಕೆ ತುಟ್ಟಿಯಾಯಿತು ಎಲ್ಲ ನನಗೆ ತಿಳಿದಿರುತ್ತದೆ. ಬೇರೆ ದಿನ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಹೂವಿನ ಎಲೆ ಬಿಡಿಸಿ ಕೊಡುತ್ತೇನೆ. ಹಾರ ಕಟ್ಟಲೂ ಕಲಿತಿದ್ದೇನೆ, ನನ್ನ ಹಾರಗಳು ಸೊಟ್ಟಗಾಗುತ್ತವೆ. ಮದುವೆಗೂ ಮಣ್ಣಿಗೂ ಒಂದೇ ಬುಟ್ಟಿಯ ಹೂ ಎಂಬುದನ್ನು ಅಲ್ಲಿ ಕುಳಿತ ಮೇಲೆಯೇ ಗಮನಿಸಿದೆ.

ನನ್ನನ್ನು ಮದುವೆಯಾಗುತ್ತೀರಾ ಎಂದು ಅವರನ್ನು ಕೇಳಿದ್ದೇನೆ. ನಿನಗೆ ತಿಳಿಸದೆ ಮುಂದೆ ಹೋಗುವವನಲ್ಲ. ನಿನ್ನ ಮನಸ್ಸಿನಲ್ಲಿ ಇದ್ದದ್ದನ್ನು ಬರೆ. ಎದುರಿಗೆ ಸಿಕ್ಕಾಗ ಹೇಳಬೇಡ. ನನಗೆ ಕೇಳಿಸುವುದಿಲ್ಲ, ಕಲ್ಯಾಣಮ್ಮನಿಗೆ ಕೇಳಿಸುತ್ತದೆ.

ನಿನ್ನ ಅಪ್ಪ


ಸೊಲ್ಲಾಪುರ
೨೧ ಅಕ್ಟೋಬರ್ ೨೦೨೪

ಅಪ್ಪ,

ಈ ಎರಡು ತಿಂಗಳು ನೀವಿಬ್ಬರೂ ತಪ್ಪದೆ ಬಂದಿರಿ. ನಾನು ಚಹಾ ಕೊಟ್ಟೆ, ಹಾಸಿಗೆ ಹಾಸಿದೆ, ಕಾರಖಾನೆಗೆ ಹೋದೆ. ನಿನ್ನ ಪತ್ರದ ಮಾತು ಎತ್ತಲಿಲ್ಲ. ನೀನೂ ಕೇಳದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತೆ.

ಕಸ್ತೂರಬಾಯಿಯವರ ಬಗ್ಗೆ ನನ್ನದೇನೂ ತಕರಾರಿಲ್ಲ. ಅವರು ಮಲಗಿದಾಗಲೂ ಮುಖದಲ್ಲಿ ಒಂದು ನಗೆ ಇರುತ್ತದೆ. ನಿನ್ನ ವಯಸ್ಸಿನ ಬಗ್ಗೆಯೂ ತಕರಾರಿಲ್ಲ, ಜನರ ಮಾತಿನ ಬಗ್ಗೆಯೂ ಇಲ್ಲ. ನನ್ನ ಸಿಟ್ಟೆಲ್ಲ ಆ ಕಾಯಿಲೆಯ ಮೇಲೆ.

ಅವ್ವ ಹಾಸಿಗೆ ಹಿಡಿದಾಗ ನೀನು ಹೇಗಿದ್ದೆ ಎಂದು ನಾನು ಕಂಡಿದ್ದೇನೆ. ಅವಳು ಹೋದ ಮೇಲೆ ಅವಳ ತಾಟಿನಲ್ಲಿ ಬಡಿಸಿಕೊಂಡು ಉಣ್ಣದೆ ಕೂಡುತ್ತಿದ್ದೆ. ಕರೆದರೆ ತಿರುಗಿ ನೋಡುತ್ತಿರಲಿಲ್ಲ, ಅದು ಕಿವಿಯ ದೋಷವಲ್ಲ ಎಂದು ನನಗೆ ಗೊತ್ತಿತ್ತು. ನಿನ್ನನ್ನೂ ಕಳೆದುಕೊಳ್ಳುತ್ತೇನೆ ಅಂದುಕೊಂಡಿದ್ದೆ.

ಅವ್ವನನ್ನು ಕಳಿಸುವಾಗ ಹಸಿರು ಸೀರೆ ಉಡಿಸಿದೆವು, ಬಳೆ ತೊಡಿಸಿದೆವು, ಮುಖಕ್ಕೆ ಅರಿಶಿನ ಹಚ್ಚಿದೆವು, ಉಡಿ ತುಂಬಿದೆವು. ನನ್ನ ಮದುವೆಯಲ್ಲಿ ಅವಳು ನನಗೆ ಏನೇನು ಮಾಡಿದ್ದಳೋ ಅದನ್ನೇ ನಾನು ಅವಳಿಗೆ ಮಾಡಿದೆ. ಈಗ ನೀನು ಮದುವೆ ಎನ್ನುತ್ತಿದ್ದೀಯ. ಸೀರೆ ತರಲು ಅಂಗಡಿಗೆ ಹೋದರೆ, ಯಾವುದಕ್ಕೆ ತರುತ್ತಿದ್ದೇನೆ ಎಂದು ನನಗೇ ತಿಳಿಯದಂತಾಗುತ್ತದೆ.

ಸಾವಿನ ನಕ್ಷೆ ಮುಂದೆ ಹೋಗಿಲ್ಲ. ಆ ಹುಡುಗಿಯ ಮುಖ ಬರೆಯಲು ಆಗುತ್ತಿಲ್ಲ. ಅವಳು ಮುಖ ತಿರುಗಿಸಿದ್ದೇ ಸರಿ ಅನ್ನಿಸುತ್ತದೆ.

ಬೇಡ ಅಪ್ಪ. ನನ್ನ ಕೈಲಾಗುವುದಿಲ್ಲ.

ಛಾಯಾ


ಅಕ್ಕಲಕೋಟ
೪ ನವೆಂಬರ್ ೨೦೨೪

ಚಿ. ಸೌ. ಛಾಯಾಳಿಗೆ,

ದೀಪಾವಳಿಗೆ ನೀನು ಕಳಿಸಿದ ಚಕ್ಕುಲಿ ಮುಗಿದವು. ಕಸ್ತೂರಬಾಯಿಯವರಿಗೆ ಒಂದು ಚೂರು ಕೊಟ್ಟೆ, ಉಪ್ಪಿನ ಭಯಕ್ಕೆ ಮೂಸಿ ನೋಡಿ ತಿರುಗಿ ಕೊಟ್ಟರು.

ನೀನು ಬರೆದದ್ದು ಸರಿಯಾಗಿದೆ. ಅದನ್ನೇ ಅವರು ಆಗಸ್ಟಿನಲ್ಲಿಯೇ ಹೇಳಿದ್ದಾರೆ. ನನ್ನ ಎದುರಿಗೆ ಕುಳಿತು, ನನಗೆ ತಿಳಿಯಲೆಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಒಬ್ಬಾಕಿನ್ನ ಕೈಯಾರೆ ಕಳಿಸೀರಿ. ಇನ್ನೊಬ್ಬಾಕಿನ್ನ ಕಳಸೂದಕ್ಕ ಯಾಕ ಕಟ್ಟಿಗೋತೀರಿ? ಬ್ಯಾಡ." ಅಲ್ಲಿಗೆ ಬೇಡ ಎನ್ನುವವರು ಇಬ್ಬರಾದಿರಿ. ನಿಮ್ಮಿಬ್ಬರ ಮೇಲೂ ನನಗೆ ಸಿಟ್ಟಿಲ್ಲ. ಸೋಮವಾರ, ಗುರುವಾರ ಹಿಂದಿನಂತೆಯೇ ಬರುತ್ತೇವೆ.

ಆದರೆ ತಾಟಿನ ಮಾತು ಬರೆದೆಯಲ್ಲ, ಅದಕ್ಕೆ ಒಂದು ಮಾತು ಸೇರಿಸಬೇಕು. ನೀನು ನೋಡಿದ್ದು ಅರ್ಧ. ಮದುವೆಯಾದಾಗಿನಿಂದ ಹಗಲು ಪಾಳಿ, ರಾತ್ರಿ ಪಾಳಿ ಎಂದು ನಾನು ಮಗ್ಗದ ಮುಂದೆಯೇ ನಿಂತೆ. ಅವಳು ಬೀಡಿ ಕಟ್ಟುತ್ತ ಕೂಡುತ್ತಿದ್ದಳು. ನಾನು ಬರುವ ಹೊತ್ತಿಗೆ ಅವಳಿಗೆ ನಿದ್ದೆ, ಅವಳು ಏಳುವ ಹೊತ್ತಿಗೆ ನನಗೆ. ಹಾಸಿಗೆ ಹಿಡಿದ ಮೇಲೆ ಅವಳ ತಲೆ ನಾನೇ ಬಾಚಿದೆ. ಬೈತಲೆ ಎಲ್ಲಿ ತೆಗೆಯಬೇಕೆಂದು ತೋರಿಸಿಕೊಟ್ಟಳು. ಗಂಜಿ ಕುಡಿಸುವಾಗ ನನ್ನ ಮುಖ ನೋಡಿ ನಗುತ್ತಿದ್ದಳು. ಒಂದು ದಿನ ಹೇಳಿದಳು: "ಈಗ ನೋಡ್ರಿ, ನಮ್ಮ ಲಗ್ನ ಆದಂಗಾತು."

ಆ ದಿನಗಳನ್ನು ನೀನು ದುಃಖದ ದಿನಗಳೆಂದು ನೆನೆಯುತ್ತೀಯ. ನಾನು ಹಾಗೆ ನೆನೆಯುವುದಿಲ್ಲ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ, ಹೇಳುವ ಸಂದರ್ಭ ಬಂದಿರಲಿಲ್ಲ.

ಥಂಡಿ ಶುರುವಾಗಿದೆ. ಸ್ವೆಟರ್ ಹಾಕಿಕೊ.

ನಿನ್ನ ಅಪ್ಪ


ಸೊಲ್ಲಾಪುರ
೨೦ ಜನವರಿ ೨೦೨೫

ಅಪ್ಪ,

ಮೊನ್ನೆ ಗುರುವಾರ ನೀನು ಔಷಧಿ ತರಲು ಹೋಗಿದ್ದಾಗ ನಡೆದದ್ದನ್ನು ಹೇಳುತ್ತೇನೆ.

ಕಾರಖಾನೆಯಲ್ಲಿ ಕರೆಂಟ್ ಇಲ್ಲವೆಂದು ನಾನು ಮನೆಯಲ್ಲಿಯೇ ಲ್ಯಾಪ್‌ಟಾಪ್ ತೆಗೆದು ಆ ನಕ್ಷೆಯ ಮುಂದೆ ಕುಳಿತಿದ್ದೆ. ಕಸ್ತೂರಬಾಯಿಯವರು ಎದ್ದು ಗೋಡೆ ಹಿಡಿದುಕೊಂಡು ಬಂದು ನನ್ನ ಹಿಂದೆ ನಿಂತರು.

"ಇವ ಯಾರವ್ವಾ?"

ಬೇರೇನಾದರೂ ಹೇಳೋಣ ಅಂದುಕೊಂಡೆ. ಬಾಯಿಗೆ ಬರಲಿಲ್ಲ. "ಸಾವುರಿ" ಎಂದೆ.

ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. "ಕೈಯಾಗ ಏನದು, ಕರಿ ಬಟ್ಟಿಯಾಗ?"

"ಹೂವುರಿ. ಬಿಳಿ ಗುಲಾಬಿ."

ಅವರಿಗೆ ಎಂಥ ನಗು ಬಂತೆಂದರೆ ಕುರ್ಚಿ ಎಳೆದು ಕುಳಿತುಬಿಟ್ಟರು. "ಅಯ್ಯ ಶಿವನ, ಇವನೂ ಹೂ ತಂದಾನ! ಬರಿಗೈಲೆ ಬಂದಿಲ್ಲ ನೋಡು. ನನ್ನ ಅಂಗಡಿಗಿ ಬರವ್ರೂ ಹಿಂಗ. ಹಾರ ಕೊಡ್ರಿ, ಲಗೂ ಕೊಡ್ರಿ ಅಂತಾರ. ಲಗ್ನಕ್ಕ ಒಯ್ತಾರೊ ಮಣ್ಣಿಗಿ ಒಯ್ತಾರೊ, ಮಾರಿ ನೋಡಿದ್ರ ಗೊತ್ತಾಗಂಗಿಲ್ಲ. ಇಬ್ಬರಿಗೂ ಭಾಳ ಗಡಿಬಿಡಿ."

ನನಗೂ ನಗು ಬಂತು. ನಗುತ್ತಲೇ ಕೇಳಿಬಿಟ್ಟೆ. "ಅಪ್ಪಗ ಬ್ಯಾಡ ಅಂದೀರಂತ?"

"ಅಂದೀನಿ."

"ಯಾಕ್ರಿ?"

"ನೀ ಯಾಕ ಅಂದಿ?"

ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಆಮೇಲೆ ಅವರು ಪಟ್ಟಿ ಕಟ್ಟಿದ ಎಡಗೈ ಸವರಿಕೊಳ್ಳುತ್ತ ಹೇಳಿದರು: "ಬ್ಯಾಡ ಅಂದಾಗಿಂದ ನಿಮ್ಮಪ್ಪ ಒಂದ ಸೋಮವಾರ ತಪ್ಪಿಸಿಲ್ಲ. ಮಶೀನ್ ನಡಿಯೂ ತನಾ ಖಿಡಕಿ ಹೊರಗ ನಿಂದರ್ತಾರ. ಹೋಗಿ ಚಾ ಕುಡೀರಿ ಅಂತ ಕೈ ಮಾಡಿದ್ರ, ಅವರೂ ಹಂಗ ಕೈ ಮಾಡತಾರ. ಏನ್ ಮಾಡಲಿ ಹೇಳು?"

ನೀನು ಕೈ ಮಾಡುವುದನ್ನು ಅವರು ಮಾಡಿ ತೋರಿಸಿದಾಗ ಇಬ್ಬರೂ ಮತ್ತೆ ನಕ್ಕೆವು, ಅಷ್ಟರಲ್ಲಿ ನೀನು ಬಂದೆ. ನಾವಿಬ್ಬರೂ ಯಾಕೆ ನಗುತ್ತಿದ್ದೇವೆಂದು ಕೇಳಿದೆ. ನಾನು ಚಹಾಕ್ಕೆ ಇಡಲು ಎದ್ದೆ.

ನೀವು ಬಸ್ಸಿಗೆ ಹೋದ ಮೇಲೆ ಒಂದು ಮಾತು ನನಗೆ ಹೊಳೆಯಿತು. ಮದುವೆ ಬೇಡ ಎಂದು ನಾನು ನಿನ್ನನ್ನು ಯಾವುದರಿಂದ ಉಳಿಸಿದೆ? ಅವರಿಗೇನಾದರೂ ಆದರೆ ನೀನು ಈಗಲೂ ಅಷ್ಟೇ ಅಳುತ್ತೀಯ. ಆ ದುಃಖ ಆಗಲೇ ನಿನ್ನ ಪಾಲಿಗೆ ಬಂದಾಗಿದೆ, ಅದಕ್ಕೆ ಮದುವೆಯ ಅಗತ್ಯವಿಲ್ಲ. ನಾನು ತಡೆದದ್ದು ಸುಖವನ್ನು ಮಾತ್ರ.

ನಕ್ಷೆ ಎರಡೇ ದಿನದಲ್ಲಿ ಮುಗಿಯಿತು. ಹುಡುಗಿಯನ್ನು ಮುಖ ತಿರುಗಿಸಿದಂತೆಯೇ ಬಿಟ್ಟಿದ್ದೇನೆ, ಅಂಜಿಕೆ ಸುಳ್ಳಲ್ಲ. ಆದರೆ ಎರಡೂ ಚಿತ್ರದ ಸೂರ್ಯನಿಗೆ ಒಂದೇ ಕಡಾಯಿಯಲ್ಲಿ ಅದ್ದಿದ ಅರಿಶಿನ ಬಣ್ಣದ ನೂಲು ಹಾಕಲು ಹೇಳಿದ್ದೇನೆ. ಪಕ್ಕಪಕ್ಕದಲ್ಲಿ ಹಿಡಿದರೆ ಬೆಳಗೋ ಮಧ್ಯಾಹ್ನವೋ ಸಂಜೆಯೋ, ಬಿಸಿಲು ಮಾತ್ರ ಒಂದೇ.

ನಿನ್ನ ಛಾಯಾ


ಸೊಲ್ಲಾಪುರ
೬ ಫೆಬ್ರುವರಿ ೨೦೨೫

ಕಸ್ತೂರಬಾಯಿಯವರಿಗೆ ನಮಸ್ಕಾರಗಳು.

ಈ ಹೊತ್ತು ನೀವು ನಮ್ಮ ಒಳಕೋಣೆಯಲ್ಲಿ ಮಲಗಿದ್ದೀರಿ, ನಾನು ಅಡಿಗೆಮನೆಯಲ್ಲಿ ಕುಳಿತು ನಿಮಗೆ ಪತ್ರ ಬರೆಯುತ್ತಿದ್ದೇನೆ. ಎಬ್ಬಿಸಿ ಕೇಳಲು ಧೈರ್ಯ ಸಾಲದು. ಇದನ್ನು ನಿಮ್ಮ ಚೀಲದಲ್ಲಿ ಹಾಕುತ್ತೇನೆ, ಅಂಗಡಿಯಲ್ಲಿ ಕುಳಿತು ಓದಿರಿ.

ನನ್ನ 'ಬೇಡ'ವನ್ನು ನಾನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿಮ್ಮದು ನಿಮ್ಮ ಕೈಯಲ್ಲಿದೆ. ನಿಮ್ಮ ಕಾಯಿಲೆಯ ಬಗ್ಗೆ ಡಾಕ್ಟರರನ್ನು ನಾನೇ ಹೋಗಿ ಕೇಳಿದೆ. ಸರಿಯಾಗಿ ನಡೆದುಕೊಂಡರೆ ವರ್ಷಗಟ್ಟಲೆ ಇರುವವರಿದ್ದಾರೆ ಎಂದರು, ಖಾತ್ರಿ ಕೊಡಲಾರೆ ಎಂದೂ ಹೇಳಿದರು. ಖಾತ್ರಿ ನನಗಾಗಲಿ ಅಮೋಲ್‌ಗಾಗಲಿ ಯಾರೂ ಕೊಟ್ಟಿಲ್ಲ.

ಅಪ್ಪನಿಗೆ ಹೂಂ ಅನ್ನಿರಿ. ಅಂದರೆ ಆ ದಿನದಿಂದಲೇ ನಿಮಗೆ 'ರಿ' ಹಚ್ಚುವುದನ್ನು ಬಿಡುತ್ತೇನೆ, ಸಣ್ಣವ್ವ ಎಂದು ಕರೆಯುತ್ತೇನೆ.

ನಿಮ್ಮ
ಛಾಯಾ


ಅಕ್ಕಲಕೋಟ
೧೭ ಫೆಬ್ರುವರಿ ೨೦೨೫

ಮಗಳಾದ ಛಾಯಾಳಿಗೆ,

ನನ್ನ ಅಕ್ಷರ ನೋಡಿ ನಗಬೇಡ. ಹೂವಿನ ನೀರಲ್ಲಿ ಕೈ ಮೆತ್ತಗಾಗಿವೆ, ಪೆನ್ನು ಜಾರುತ್ತದೆ.

ನಿನ್ನ ಪತ್ರ ಓದಿ ಎರಡು ದಿನ ಯಾರ ಜೊತೆಗೂ ಮಾತನಾಡಲಿಲ್ಲ. ಪಕ್ಕದಲ್ಲಿ ತೆಂಗಿನಕಾಯಿ ಮಾರುವ ಬಂಡೆಪ್ಪ, ಮೈಗೆ ಹುಷಾರಿಲ್ಲವೇ ಎಂದು ಕೇಳಿದ. ಮೂರನೆಯ ದಿನ ನಿಮ್ಮಪ್ಪ ಎಂದಿನಂತೆ ಬಂದು ಎಲೆ ಬಿಡಿಸಲು ಕುಳಿತರು. ನಾನು ತಲೆ ಬಗ್ಗಿಸಿ ಹಾರ ಕಟ್ಟುತ್ತಲೇ "ಹೂಂ ರಿ, ಆಗಲಿ" ಅಂದೆ. ಅವರು ಎಲೆ ಬಿಡಿಸುತ್ತಲೇ ಇದ್ದರು. ಮತ್ತೊಮ್ಮೆ ಅಂದೆ. ಶೇವಂತಿಗೆಯ ಬುಟ್ಟಿ ಎಳೆದು ಕೊಟ್ಟರು. ಆಗ ನನಗೆ ಸಿಟ್ಟು ಬಂತು. ಎದ್ದು ನಿಂತು ಒದರಿದೆ: "ನಿಮ್ಮನ್ನ ಲಗ್ನ ಆಗತೀನಿ ಅನ್ನಾಕತ್ತೀನಿ!"

ಗುಡಿಯ ದಾರಿಯ ಜನವೆಲ್ಲ ತಿರುಗಿ ನೋಡಿದರು. ಬಂಡೆಪ್ಪ ಒಂದು ಕಾಯಿ ಒಡೆದೇಬಿಟ್ಟ. ನಿಮ್ಮಪ್ಪ ಮಾತ್ರ ಎಷ್ಟೋ ಹೊತ್ತು ನನ್ನ ಮುಖ ನೋಡಿ, "ಬುಧವಾರ ಆದೀತೇನು? ಸೋಮವಾರ ಗುರುವಾರ ನಮಗ ಪುರಸೊತ್ತಿಲ್ಲ" ಅಂದರು.

ಬರುವ ತಿಂಗಳ ಮೊದಲನೆಯ ಬುಧವಾರ ಬೀರೋಬಾನ ಗುಡಿಯಲ್ಲಿ ಸಣ್ಣದಾಗಿ ಮಾಡೋಣ. ಅಂಜಿಕೆ ನನಗೂ ಹೋಗಿಲ್ಲ ಛಾಯಾ. ಅಂಜಿಕೆ ಇದ್ದರೂ ಹಾರ ಕಟ್ಟುವುದು ನಿಲ್ಲುವುದಿಲ್ಲವಲ್ಲ, ಹಾಗೆ. ನೀನೂ ಅಮೋಲನೂ ಹಿಂದಿನ ದಿನವೇ ಬನ್ನಿರಿ. ಅಣ್ಣನ ಮಗನಿಗೆ ರಜೆ ಸಿಗದು, ನನ್ನ ಕಡೆಯಿಂದ ನಿಲ್ಲಲು ಬೇರೆ ಯಾರೂ ಇಲ್ಲ. ನೀನು ನನ್ನ ಕಡೆ ನಿಲ್ಲು.

ನಿನ್ನ ಸಣ್ಣವ್ವ
ಕಸ್ತೂರಬಾಯಿ


ಅಕ್ಕಲಕೋಟ
೭ ಏಪ್ರಿಲ್ ೨೦೨೫

ಚಿ. ಸೌ. ಛಾಯಾಳಿಗೆ ನಮ್ಮಿಬ್ಬರ ಆಶೀರ್ವಾದ.

ನೇಯ್ಗೆ ಎರಡೂ ಪುಣೆಗೆ ತಲುಪಿದವು, ಶೀತಲ ಮೇಡಂಗೆ ಮನಸ್ಸಿಗೆ ಬಂದವು ಎಂದು ತಿಳಿದು ಸಂತೋಷವಾಯಿತು. ಜನ ಸಾವಿನ ಚಿತ್ರದ ಮುಂದೆಯೇ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ಬರೆದಿದ್ದೀಯ. ನಿಲ್ಲಲಿ, ನೀನು ಅಷ್ಟು ದಿನ ಅದರ ಮುಂದೆ ಕುಳಿತಿದ್ದೆಯಲ್ಲ.

ಇಲ್ಲಿ ಎಲ್ಲ ಚೆನ್ನಾಗಿದೆ. ಮದುವೆಯ ದಿನ ಹಚ್ಚಿದ ಭಂಡಾರದ ಅರಿಶಿನ ನನ್ನ ಅಂಗಿಯಿಂದ ಇನ್ನೂ ಹೋಗಿಲ್ಲ. ಖೋಲಿಯಲ್ಲಿ ಈಗ ಎರಡು ಕೊಡ, ಒಂದು ಕನ್ನಡಿ ಬಂದಿವೆ. ಬೆಳಿಗ್ಗೆ ಹೂವಿನ ಹರಾಜಿಗೆ ಇಬ್ಬರೂ ಹೋಗುತ್ತೇವೆ. ನಿನ್ನೆ ನಾನು ಆರಿಸಿದ ಶೇವಂತಿಗೆ ನೋಡಿ ನಿನ್ನ ಸಣ್ಣವ್ವ ಎಲ್ಲರೆದುರು ಹಣೆ ಬಡಿದುಕೊಂಡಳು. ಡಾಕ್ಟರರು ರಿಪೋರ್ಟು ನೋಡಿ ಹೀಗೇ ನಡೆಯಲಿ ಎಂದಿದ್ದಾರೆ.

ಒಂದೇ ಒಂದು ತಕರಾರು. ನಾನು ಮಲಗಿದಾಗ ಗೊರಕೆ ಹೊಡೆಯುತ್ತೇನಂತೆ, ಮಗ್ಗ ನಡೆದಂತೆ ಸದ್ದಂತೆ. ಪಕ್ಕದ ಖೋಲಿಯವರನ್ನೂ ಸಾಕ್ಷಿಗೆ ಕರೆದಿದ್ದಾಳೆ. ನಿಮ್ಮವ್ವ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಿನಗೇನಾದರೂ ಹೇಳಿದ್ದಳೇ? ಬರೆ.

ನಿನ್ನ ಅಪ್ಪ
ಹುಲೆಪ್ಪ